ಶೇಷಗಿರಿಯ ಸತ್ಯವಂತ ಟ್ರೆಡ್‌ಮಿಲ್ಲು

ಯಲಹಂಕ ನ್ಯೂಟೌನಿನ ಶೇಷಗಿರಿ ತನ್ನ ಹಳೆಯ ಟ್ರೆಡ್‌ಮಿಲ್ಲನ್ನು ನಿಜ ಹೇಳಿಯೇ ಮಾರುತ್ತೇನೆಂದು ಹೊರಟದ್ದೇ ತಪ್ಪಾಯಿತು. ಮರುದಿನ ನವರಾತ್ರಿ. ಗೊಂಬೆ ಕೂರಿಸುವ ಮೂಲೆಯಲ್ಲಿ ಅದು ಎಮ್ಮೆಯ ಹಾಗೆ ಮಲಗಿತ್ತು.

"ಸಂಜೆಯೊಳಗೆ ಅದು ಹೋಗ್ಬೇಕು. ಇಲ್ಲಾಂದ್ರೆ ನಾನು ಗೊಂಬೆ ಎತ್ಕೊಂಡು ತವರಿಗೆ ಹೋಗ್ತೀನಿ," ಎಂದು ಹೆಂಡತಿ ಗೋದಾ ಗಡುವು ಕೊಟ್ಟಳು.

ಶೇಷಗಿರಿ ಆನ್‌ಲೈನಿನಲ್ಲಿ ಜಾಹೀರಾತು ಹಾಕಿದ: "ಓಡಿದರೆ ಕಿರುಗುಟ್ಟುತ್ತದೆ. ಬೆಲ್ಟು ಎಡಕ್ಕೆ ಜಾರುತ್ತದೆ. ನಾನು ಓಡಿದ್ದಕ್ಕಿಂತ ಟವೆಲು ಒಣಗಿಸಿದ್ದೇ ಹೆಚ್ಚು."

ಫೋನುಗಳು ಬಂದವು. ಕೊಳ್ಳುವುದಕ್ಕಲ್ಲ, ವಿಚಾರಣೆಗೆ. "ಇಷ್ಟೆಲ್ಲಾ ನೀವೇ ಹೇಳ್ತಿದೀರಾ ಅಂದ್ರೆ, ಮುಚ್ಚಿಟ್ಟಿರೋದು ಇನ್ನೆಷ್ಟಿರ್ಬೇಕು ಗುರು?" ಎಂದ ಹೆಬ್ಬಾಳದವನೊಬ್ಬ. ಆರ್.ಟಿ. ನಗರದ ಹೆಂಗಸೊಬ್ಬಳು ಇದು ಕದ್ದ ಮಾಲಾ ಎಂದು ನೇರವಾಗಿ ಕೇಳಿದಳು.

ಪಕ್ಕದ ಮನೆಯ ವೀರಬಸಪ್ಪ ಬೇರೆ ಬೆಳಗಿನಿಂದ ತಲೆ ತಿನ್ನುತ್ತಿದ್ದರು. "ಡಾಕ್ಟರ್ ಮನೇದು, ಫಾರಿನ್‌ಗೆ ಹೋಗ್ತಿದಾರೆ ಅಂತ ಹಾಕ್ರೀ. ಜನ ನಂಬ್ಬೇಕು ಅಂದ್ರೆ ಸುಳ್ಳು ನೀಟಾಗಿರ್ಬೇಕು." ಶೇಷಗಿರಿ ಜಗ್ಗಲಿಲ್ಲ. ಸತ್ಯಕ್ಕೂ ಒಬ್ಬ ಗಿರಾಕಿ ಇದ್ದೇ ಇರುತ್ತಾನೆಂಬ ಹುಚ್ಚು ಅವನಿಗೆ.

ಸಂಜೆ ಆ ಗಿರಾಕಿ ಬಂದೇಬಿಟ್ಟ. ಹುಣಸಮಾರನಹಳ್ಳಿಯ ಮುನಿಆಂಜಿನಪ್ಪ, ಗರಿಗರಿ ಬಿಳಿ ಅಂಗಿ. ಹತ್ತಿ ಓಡಿದ. ಕಿರುಗುಟ್ಟಿತು. ಬೆಲ್ಟು ಎಡಕ್ಕೆ ಜಾರಿತು, ಅವನೂ ಜಾರಿದ. ಬಿದ್ದಲ್ಲಿಂದಲೇ ಕೈಮುಗಿದ.

"ಬರ್ದಂಗೇ ಐತೆ ಸಾರ್! ಇಂಥಾ ಮನುಸ್ಯನ್ನ ನಾನು ನೋಡೇ ಇಲ್ಲ."

ಶೇಷಗಿರಿಯ ಕಣ್ಣು ತುಂಬಿ ಬಂತು. ಗೋದಾ ಕಾಫಿ ಮಾಡಲು ಒಳಗೆ ಓಡಿದಳು.

"ಹಾಗಾದ್ರೆ ಈಗ್ಲೇ ಗಾಡಿಗೆ ಹಾಕ್ಸೋಣ್ವಾ?"

"ಅಯ್ಯೋ, ಇದ್ಯಾರ್ಗ್ ಬೇಕು ಸಾರ್? ನಂಗ್ ಬೇಕಿರೋದು ನೀವು! ಚಿಕ್ಕಬಾಣಾವರದ ಕಡೆ ಸೈಟ್ ಮಾರ್ತಿವ್ನಿ. ಪತ್ರ ಒಸಿ ಇಂಗಂಗೈತೆ. ಗಿರಾಕಿ ಬಂದಾಗ ನೀವು ಪಕ್ಕದಾಗೆ ಕುಂತು, ನಾನೂ ಒಂದು ತಗಂಡಿವ್ನಿ ಅಂದ್ಬುಡಿ, ಸಾಕು. ಇಂಥಾ ಮುಖ ಎಲ್ಲೂ ಸಿಗಾಕಿಲ್ಲ."

ಅಷ್ಟರಲ್ಲಿ ವೀರಬಸಪ್ಪ ಒಳಗೆ ಬಂದರು. ಮುನಿಆಂಜಿನಪ್ಪ ತನ್ನ ಉಪಾಯವನ್ನು ಅಲ್ಲೇ ಪರೀಕ್ಷಿಸಿ ನೋಡಿದ. "ಬನ್ನಿ ಯಜಮಾನ್ರೇ, ಸಾರ್ ನಮ್ತಾವ ಸೈಟ್ ತಗಂಡವ್ರೆ."

"ಸುಳ್ಳು ಕಣ್ರೀ! ನಾನು ತಗೊಂಡಿಲ್ಲ. ಪತ್ರಾನೇ ಸರಿಯಿಲ್ವಂತೆ!" ಶೇಷಗಿರಿ ಕಿರುಚಿದ.

ವೀರಬಸಪ್ಪನವರ ಮುಖ ಕಪ್ಪಿಟ್ಟಿತು. "ಓಹೋ! ಟ್ರೆಡ್‌ಮಿಲ್‌ಗಾದ್ರೆ ಹರಿಶ್ಚಂದ್ರ, ಸೈಟಾದ್ರೆ ಪಕ್ಕದ ಮನೆಯೋರಿಗೂ ಗುಟ್ಟು. ನನಗೆ ಸಿಗ್ಬಾರ್ದು ಅಂತ ತಾನೇ?" ಎನ್ನುತ್ತ ಮುನಿಆಂಜಿನಪ್ಪನ ಕೈಹಿಡಿದು ತಮ್ಮ ಮನೆಗೆ ಕರೆದೊಯ್ದರು.

ಟ್ರೆಡ್‌ಮಿಲ್ಲು ಮೂಲೆಯಲ್ಲೇ ಉಳಿಯಿತು. ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಗೋದಾ ಗಂಡನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಅದು ಹಾಳಾಗ್ಹೋಗ್ಲಿ. ನಿಜ ಹೇಳಿ, ಸೈಟು ಯಾರ ಹೆಸರಿಗೆ ಮಾಡ್ಸಿದೀರಾ?"