ನಾನು ಕುಲುಕಿ ತಂದ ಕೀಬೋರ್ಡು

ಆಗ ನನಗೆ ಎಪ್ಪತ್ತೊಂದು. ಅದಾಗಿ ಈಗ ಎರಡು ವರ್ಷ. ಆ ವಯಸ್ಸಿನ ಹೆಂಗಸು ಏನನ್ನಾದರೂ ಆರಿಸಬೇಕು ಎಂದರೆ ಊರಿನವರ ಲೆಕ್ಕದಲ್ಲಿ ಅದು ಬದನೆಕಾಯಿ. ಅದಕ್ಕಿಂತ ದೊಡ್ಡದನ್ನು ಯಾರೂ ನಮ್ಮ ಕೈಗೆ ಕೊಡುವುದಿಲ್ಲ. ಸೀರೆಯನ್ನು ಸಹ ಮಕ್ಕಳೇ ತಂದು, ನಿನಗೆ ಈ ಬಣ್ಣ ಒಪ್ಪುತ್ತದೆ ಎಂದು ಬೂದಿ ಬಣ್ಣದ್ದನ್ನೇ ಕೊಡುತ್ತಾರೆ. ಅಂಥ ನಾನು ಶಿರಸಿ ಪೇಟೆಗೆ ಹೋಗಿ, ಗುಂಡು ಹೊಡೆಯುವ ಆಟಕ್ಕೆಂದು ಸಣ್ಣದೊಂದು, ವೈರಿಲ್ಲದ, ಮೆಕ್ಯಾನಿಕಲ್ ಕೀಬೋರ್ಡು ಆರಿಸಿ ತಂದೆ ಎಂದರೆ ನೀವು ನಂಬುವುದಿಲ್ಲ. ಬೇಡ, ಬಿಡಿ. ನೀವು ನಂಬಿದರೆ ನನಗೇನೂ ಪಿಂಚಣಿ ಹೆಚ್ಚಾಗುವುದಿಲ್ಲ.

ಆಟ ಆಡುವವಳು ನನ್ನ ಸೊಸೆ ಸುಧಾ. ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೂತು ಹಗಲೆಲ್ಲ ಕಂಡವರ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ತುಂಬುತ್ತಾಳೆ. ಸಂಜೆ ಇಸಳೂರಿನ ಮನೆಗೆ ಬಂದವಳು ಚಾ ಕುಡಿದು, ಕಿವಿಗೆ ಹೆಡ್‌ಫೋನು ಏರಿಸಿ, ಜನರನ್ನು ಕೊಲ್ಲಲು ಕೂರುತ್ತಾಳೆ. ಬೇರೆ ಮನೆಯ ಸೊಸೆಯರು ಧಾರಾವಾಹಿ ನೋಡಿ ಅಳುತ್ತಾರಂತೆ. ನಮ್ಮವಳು ಅಳುವುದಿಲ್ಲ, ಗುಂಡು ಹಾರಿಸುತ್ತಾಳೆ. ಮೊದಮೊದಲು ನನಗೂ ಇದೇನಪ್ಪ ಎನಿಸಿತ್ತು. ಆಮೇಲೆ ಯೋಚಿಸಿದರೆ ಒಳ್ಳೆಯದೇ. ಮನುಷ್ಯರಿಗೆ ಮನುಷ್ಯರ ಮೇಲೆ ಇರುವ ಸಿಟ್ಟೆಲ್ಲ ಆ ಪರದೆಯಲ್ಲೇ ತೀರಿಹೋದರೆ ಅತ್ತೆಯವರೆಗೆ ಬರುವುದಿಲ್ಲ. ನನ್ನ ಮಗ ಮಂಜು ಟೆಂಪೋ ಓಡಿಸುತ್ತಾನೆ. ಮನೆಗೆ ಬಂದರೆ ಅನ್ನ ಎಲ್ಲಿ ಎನ್ನುತ್ತಾನೆ, ಉಂಡರೆ ಹಾಸಿಗೆ ಎಲ್ಲಿ ಎನ್ನುತ್ತಾನೆ. ಅವನಿಂದ ಈ ಕಥೆಗೆ ಏನೂ ಉಪಯೋಗವಿಲ್ಲ.

ಸುಧಾಳದು ಒಂದು ತಂಡ. ತಂಡದ ಕ್ಯಾಪ್ಟನ್ ಯಲ್ಲಾಪುರದಲ್ಲಿ ಮೊಬೈಲು ರಿಪೇರಿ ಮಾಡುವ ವಿನಯ. ಇನ್ನೊಬ್ಬರು ಸಿದ್ದಾಪುರದ ಮಾಸ್ತರು. ಹಗಲು ಶಾಲೆಯಲ್ಲಿ ಹೊಡೆದಾಡಬೇಡಿ ಮಕ್ಕಳೇ ಎಂದು ಬುದ್ಧಿ ಹೇಳಿ, ಸಂಜೆ ಮಷಿನ್‌ಗನ್ ಹಿಡಿದು ಹೊರಡುವವರು. ಇವರು ಯಾರೂ ಒಬ್ಬರ ಮುಖ ಒಬ್ಬರು ಕಂಡಿಲ್ಲ, ಆದರೆ ಒಬ್ಬರಿಗಾಗಿ ಒಬ್ಬರು ಪ್ರಾಣ ಕೊಡುತ್ತಾರೆ. ನಮ್ಮ ಕೇರಿಯಲ್ಲಿ ಮುಖ ಕಂಡವರು ಸೌತೆಕಾಯಿಯನ್ನೂ ಕೊಡುವುದಿಲ್ಲ. ಸುಧಾಳ ಕೆಲಸ ಏನೆಂದರೆ ಗುಡ್ಡದ ಮೇಲೆ ಅಡಗಿ ಕೂತು, ವೈರಿಗಳು ಎಲ್ಲಿದ್ದಾರೆ ಎಂದು ಮೈಕಿನಲ್ಲಿ ಉಳಿದವರಿಗೆ ಹೇಳುವುದು. ತೋಟದಲ್ಲಿ ಮಂಗ ಕಾಯುವ ಕೆಲಸ ಎಂದುಕೊಳ್ಳಿ.

ತೊಂದರೆ ಶುರುವಾದದ್ದು ವೈರಿನಿಂದ. ನಮ್ಮ ಎದುರು ಕೋಣೆಯಲ್ಲಿ ಇರುವುದು ಒಂದೇ ಮೇಜು. ಅರ್ಧಕ್ಕೆ ಅವಳ ಕಂಪ್ಯೂಟರು, ಅರ್ಧಕ್ಕೆ ನನ್ನ ಕವಳದ ತಟ್ಟೆ. ಎಲೆ ಅಡಿಕೆ ಸುಣ್ಣ ಎಲ್ಲ ಅದರಲ್ಲೇ. ಆ ಮೇಜನ್ನು ನನ್ನ ಗಂಡ ಇದ್ದಾಗ ಮಾಡಿಸಿದ್ದು, ಹಾಗಾಗಿ ಅರ್ಧ ನನ್ನದು ಎಂಬುದರಲ್ಲಿ ಚರ್ಚೆಯಿಲ್ಲ. ಅವಳ ಹಳೆಯ ಕೀಬೋರ್ಡು ಹಲಗೆಯಷ್ಟು ಉದ್ದ. ಅದನ್ನು ಮೇಜಿನ ಮೇಲಿಟ್ಟರೆ ಮೌಸು ಎನ್ನುವ ಇಲಿ ಆಡಿಸುವುದಕ್ಕೆ ಜಾಗವಿಲ್ಲ, ತೊಡೆಯ ಮೇಲಿಟ್ಟುಕೊಂಡರೆ ವೈರು ನೆಲದ ಮೇಲೆ ಹಾವಿನ ಹಾಗೆ ಬಿದ್ದುಕೊಂಡಿರುತ್ತದೆ. ನಾನು ಕವಳ ಹಾಕಲು ಎದ್ದಾಗ ಅದು ನನ್ನ ಕಾಲಿಗೆ ಸಿಕ್ಕಿತು. ಸಿಕ್ಕಿದ್ದು ವೈರು, ಹುಡುಕಿಕೊಂಡು ಹೋದದ್ದು ನಾನಲ್ಲ. ಕೀಬೋರ್ಡು ನೆಲಕ್ಕೆ ಬಿತ್ತು, ಆಟದಲ್ಲಿ ಸುಧಾ ಗದ್ದೆಯ ಬೆದರುಗೊಂಬೆಯ ಹಾಗೆ ನಿಂತಳು, ಯಾರೋ ಬಂದು ಹೊಡೆದು ಹೋದರು. ಅದೇ ವಾರ ಇನ್ನೊಮ್ಮೆಯೂ ಹಾಗೆಯೇ ಆಯಿತು. ಎರಡನೆಯ ಸಲ ಬಿದ್ದಾಗ ಗುಂಡಿಗಳು ಕಿತ್ತು ಕಪಾಟಿನಡಿಗೆ ಹೋದವು.

ಬರುವ ಭಾನುವಾರ ಹುಬ್ಬಳ್ಳಿಯ ತಂಡದ ಜೊತೆ ಪಂದ್ಯವಿತ್ತು. ವಿನಯ ಖಡಾಖಂಡಿತ ಹೇಳಿದನಂತೆ, ಅಂದೂ ಹೀಗೆ ಕಂಬದ ಹಾಗೆ ನಿಂತರೆ ಮುಂದಿನ ವಾರದಿಂದ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು. ಸುಧಾ ನನಗೆ ಒಂದು ಮಾತೂ ಅನ್ನಲಿಲ್ಲ. ಸಾರಿಗೆ ಉಪ್ಪು ಹಾಕಲಿಲ್ಲ, ಅಷ್ಟೆ. ಮಾರನೆಯ ದಿನ ಪಲ್ಯಕ್ಕೂ ಹಾಕಲಿಲ್ಲ. ಅವಳಿಗೆ ಇಡೀ ದಿನದಲ್ಲಿ ತನ್ನದು ಎಂದು ಇರುವುದು ಆ ಒಂದು ಗಂಟೆ, ಅದೂ ಹೋದರೆ ಈ ಮನೆಯಲ್ಲಿ ಇನ್ನು ನಾಲಿಗೆಗೆ ರುಚಿ ಕಾಣುವುದಿಲ್ಲ ಎಂದು ನನಗೆ ಅರ್ಥವಾಯಿತು. ಪ್ರೀತಿ ಎಂದು ತಿಳಿಯಬೇಡಿ, ಊಟದ ಪ್ರಶ್ನೆ. ಅವಳು ಕೆಲಸ ಬಿಟ್ಟು ಬರುವಷ್ಟರಲ್ಲಿ ಕಂಪ್ಯೂಟರ್ ಅಂಗಡಿ ಬಾಗಿಲು ಹಾಕಿರುತ್ತದೆ. ಹಾಗಾಗಿ ನಾನು ಪಿಂಚಣಿಯ ದುಡ್ಡು ಸೊಂಟಕ್ಕೆ ಸಿಕ್ಕಿಸಿಕೊಂಡು, ನಾನೇ ತರುತ್ತೇನೆ ಎಂದೆ. ಅವಳು ನನ್ನನ್ನು ನಿಲ್ಲಿಸಿ ಪಾಠ ಒಪ್ಪಿಸಿಕೊಂಡಳು. ಸಣ್ಣದು, ವೈರಿಲ್ಲದ್ದು, ಮೆಕ್ಯಾನಿಕಲ್ಲು. ಸದ್ದಿನ ವಿಷಯ ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

ಅಂಗಡಿಯವನು ನಡುವಯಸ್ಸಿನವ, ಸಭ್ಯ. ನನ್ನನ್ನು ಕಂಡ ಕೂಡಲೇ ಟಿವಿ ರಿಮೋಟಿನ ಸೆಲ್ಲು ತೆಗೆದಿಟ್ಟ. ಗುಂಡು ಹೊಡೆಯುವ ಕೀಬೋರ್ಡು ಬೇಕು ಎಂದಾಗ ಸೆಲ್ಲನ್ನು ನಿಧಾನಕ್ಕೆ ಒಳಗಿಟ್ಟ. ಆಮೇಲೆ ಮಾತ್ರ ತಿಳಿಸಿ ಹೇಳಿದ, ಅದು ಅವನ ದೊಡ್ಡತನ. ಸಣ್ಣದು ಎಂದರೆ ಬಲಗಡೆಯ ಅಂಕಿಗಳನ್ನೆಲ್ಲ ಕತ್ತರಿಸಿ ತೆಗೆದದ್ದಂತೆ. ತೆಗೆದದ್ದಕ್ಕೆ ಬೆಲೆ ಕಡಿಮೆಯಾ ಎಂದರೆ ಇಲ್ಲ, ಜಾಸ್ತಿ. ನಮ್ಮ ಕಾಲದಲ್ಲಿ ಕೈ ಕಾಲು ಇಲ್ಲದ ವಸ್ತುವನ್ನು ಚೌಕಾಸಿ ಮಾಡಿ ಕೊಳ್ಳುತ್ತಿದ್ದೆವು. ವೈರಿಲ್ಲದ್ದರಲ್ಲಿ ಎರಡು ಜಾತಿ, ಆಟಕ್ಕಾದರೆ ಕಂಪ್ಯೂಟರಿಗೆ ಬೆರಳುಗುರಿನಷ್ಟು ಒಂದು ಗುಂಡಿ ಸಿಕ್ಕಿಸುವಂಥದ್ದೇ ಆಗಬೇಕು, ಇಲ್ಲವಾದರೆ ಒತ್ತಿದ್ದು ತಡವಾಗಿ ಮುಟ್ಟುತ್ತದೆ, ಅಷ್ಟರಲ್ಲಿ ಸತ್ತು ಹೋಗಿರುತ್ತಾರೆ ಎಂದ. ಇದು ನನಗೆ ಚೆನ್ನಾಗಿ ತಿಳಿಯಿತು, ನಮ್ಮ ಊರಿನ ಆಂಬ್ಯುಲೆನ್ಸು ಕಂಡವಳು ನಾನು. ಮೆಕ್ಯಾನಿಕಲ್ಲು ಎಂದರೆ ಪ್ರತಿಯೊಂದು ಅಕ್ಷರದ ಅಡಿಗೂ ಬೇರೆ ಬೇರೆ ಸ್ಪ್ರಿಂಗು. ಅದರಲ್ಲೂ ಕೆಂಪು, ಕಂದು, ನೀಲಿ ಎಂದು ಮೂರು ಬಗೆ. ಒತ್ತಿ ನೋಡಿ ಎಂದು ಮೂರನ್ನೂ ನನ್ನ ಮುಂದೆ ಇಟ್ಟ.

ಇಲ್ಲಿ ನನ್ನ ವಿದ್ಯೆಯ ಬಗ್ಗೆ ಹೇಳಬೇಕು. ಶಾಲೆಗೆ ಹೋದದ್ದು ಎರಡನೆಯ ಇಯತ್ತೆಯವರೆಗೆ. ಬಸ್ಸಿನ ಬೋರ್ಡು ಓದುತ್ತೇನೆ, ಹೆಸರು ಬರೆಯುತ್ತೇನೆ, ಹೆಚ್ಚು ಬರೆದರೆ ತಪ್ಪು ತಪ್ಪಾಗಿ. ಆದರೆ ಹುಲೇಕಲ್ ಕಡೆಯ ಅಂಗಳಗಳಲ್ಲಿ ಪ್ರಾಯವೆಲ್ಲ ಅಡಿಕೆ ಸುಲಿದೆ. ಸಿಪ್ಪೆ ಸಮೇತ ಬಿಸಿಲಿಗೆ ಹಾಕಿದ ಅಡಿಕೆಗೆ ಚಾಲಿ ಎನ್ನುತ್ತೇವೆ, ಅದು ಒಣಗಿತೋ ಇಲ್ಲವೋ ತಿಳಿಯಬೇಕಾದರೆ ಕಿವಿಯ ಹತ್ತಿರ ಹಿಡಿದು ಕುಲುಕಬೇಕು. ಒಳಗೆ ಗಡಗಡ ಎಂದರೆ ಚಾಲಿ ಚೊಲೋ ಇದೆ, ಸುಲಿಯಬಹುದು. ಸುಮ್ಮನಿದ್ದರೆ ಒಳಗೆ ಹಸಿ, ನಾಲ್ಕು ದಿನಕ್ಕೆ ಬೂಸ್ಟು ಬರುತ್ತದೆ. ಸದ್ದು ಮಾಡದ ಅಡಿಕೆಯನ್ನು ನಾನು ಜನ್ಮದಲ್ಲಿ ನಂಬಿದವಳಲ್ಲ. ಹಾಗಾಗಿ ಅಂಗಡಿಯಲ್ಲಿ ಮೂರು ಕೀಬೋರ್ಡನ್ನೂ ಒಂದೊಂದಾಗಿ ಎತ್ತಿ, ಕಿವಿಗೆ ಹಿಡಿದು ಕುಲುಕಿದೆ. ಕುಲುಕಿದಾಗ ಮೂರೂ ಮೂಗರ ಹಾಗೆ ಇದ್ದವು. ಸರಿ ಎಂದು ಒತ್ತಿ ನೋಡಿದೆ. ಕೆಂಪು ಉಸಿರೇ ಬಿಡಲಿಲ್ಲ, ಹಸಿ. ಕಂದು ಗೊಣಗಿತು, ಅರೆ ಒಣಗಿದ್ದು. ನೀಲಿ ಮಾತ್ರ ಕಟಕ್ ಎಂದಿತು, ವೈಶಾಖದ ಬಿಸಿಲಿನಲ್ಲಿ ಒಣಗಿದ ಚಾಲಿಯ ಹಾಗೆ. ಅಂಗಡಿಯವನು, "ಅಮ್ಮಾ, ಇದು ಸ್ವಲ್ಪ ಸದ್ದು ಜಾಸ್ತಿ ಅದೆ, ಮನೆ ಒಳಗೆ ಕಷ್ಟ ಆಗ್ತದೆ" ಎಂದ. ಮಾಲು ಚೆನ್ನಾಗಿದ್ದರೆ ಸಾಕು, ಹಸಿಯದ್ದನ್ನು ಗಿರಾಕಿಗೆ ದಾಟಿಸಲು ನೋಡಬೇಡ ಎಂದು ಹೇಳಿ ನೀಲಿಯದನ್ನೇ ಕಟ್ಟಿಸಿಕೊಂಡು ಬಂದೆ. ಬೇಡವಾದರೆ ತನ್ನಿ, ಮೆತ್ತನೆ ಸ್ಪ್ರಿಂಗು ಹಾಕಿಕೊಡುತ್ತೇನೆ ಎಂದು ಅವನು ಬಾಗಿಲವರೆಗೂ ಬಂದು ಹೇಳಿದ. ನನ್ನ ಬಸ್ಸು ಬಂದಿತ್ತು.

ಮನೆಯಲ್ಲಿ ಪೆಟ್ಟಿಗೆ ಬಿಚ್ಚಿದರೆ ಮೊದಲು ಹೊರಬಂದದ್ದು ಒಂದು ವೈರು. ವೈರಿಲ್ಲದ ಕೀಬೋರ್ಡಿಗೆ ಚಾರ್ಜು ಮಾಡಲು ವೈರು. ಸುಧಾಳಿಗೆ ಮಾತ್ರ ಮುಖವೆಲ್ಲ ಬಾಯಿ. ಸಣ್ಣದಿದೆ, ಮೇಜಿನ ಮೇಲೆ ನನ್ನ ಕವಳದ ತಟ್ಟೆಯನ್ನು ಮುಟ್ಟದೆ ಕೂರುತ್ತದೆ, ಕಾಲಿಗೆ ಸಿಗುವಂಥದ್ದು ಏನೂ ಇಲ್ಲ. ಒತ್ತಲು ಶುರು ಮಾಡಿದಳು. ಹತ್ತು ಹೆಂಗಸರು ಒಟ್ಟಿಗೆ ಕೂತು ಅಡಿಕೆ ಸುಲಿದರೂ ಅಷ್ಟು ಸದ್ದಿಲ್ಲ, ಅವರು ನಡುನಡುವೆ ಊರಿನ ಸುದ್ದಿಗಾದರೂ ಕೈ ನಿಲ್ಲಿಸುತ್ತಾರೆ. ನನ್ನ ಧಾರಾವಾಹಿಯಲ್ಲಿ ಗಂಡ ಹೆಂಡತಿಗೆ ಏನೋ ಗುಟ್ಟು ಹೇಳಿದ, ಏನು ಎಂದು ಇವತ್ತಿಗೂ ನನಗೆ ತಿಳಿದಿಲ್ಲ. ಪಕ್ಕದ ಮನೆಯ ಗಿರಿಜಾ ಬೇಲಿಯ ಆಚೆಯಿಂದ, ಎಂತ ಅತ್ತೆ, ಈ ವರ್ಷ ಸುಗ್ಗಿ ಬೇಗ ಬಂತಾ ಎಂದು ಕೇಳಿದಳು. ಚೆನ್ನಾಗಿದೆಯಲ್ಲ ಎಂದು ನಾನೂ ಮುಖ ಬಿಗಿ ಮಾಡಿಕೊಂಡು ಕೂತೆ. ಆರಿಸಿದವಳು ನಾನಲ್ಲವೇ.

ಶನಿವಾರ ಸಂಜೆ ತಂಡದವರು ಅಭ್ಯಾಸಕ್ಕೆ ಕೂತಾಗ ಗ್ರಹಚಾರ ತಿಳಿಯಿತು. ಸುಧಾಳ ಮೈಕಿನಲ್ಲಿ ಅವಳ ಮಾತಿಗಿಂತ ಕೀಬೋರ್ಡಿನ ಕಟಕಟವೇ ಯಲ್ಲಾಪುರಕ್ಕೆ ಮುಟ್ಟುತ್ತಿತ್ತು. ವೈರಿಗಳ ಹೆಜ್ಜೆ ಸದ್ದೇ ಕೇಳುವುದಿಲ್ಲ ಎಂದು ಎಲ್ಲರೂ ಗಲಾಟೆ. ವಿನಯ ಅವಳ ಹೆಡ್‌ಫೋನು ಹರಿಯುವಷ್ಟು ಗಟ್ಟಿಯಾಗಿ ಮಾತಾಡಿದ್ದರಿಂದ ನನಗೂ ಕೇಳಿಸಿತು. "ಸುಧಕ್ಕ, ನಾಳೆ ಮೈಕ್ ಬಂದ್ ಮಾಡಿ ಆಡೋದಾದ್ರೆ ಆಡು. ಆದ್ರೆ ಬಾಯಿಲ್ದೇ ಗುಡ್ಡದ ಮೇಲೆ ಕೂತು ಎಂತ ಮಾಡ್ತೆ? ಬೇರೆಯವ್ರನ್ನ ನೋಡೂದೇ ಚೊಲೋ." ಸುಧಾ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟು ಅಡುಗೆ ಮನೆಗೆ ಹೋದಳು. ಮರುದಿನದ ಸಾರಿನ ಗತಿ ನನ್ನ ಕಣ್ಣಿಗೆ ಕಟ್ಟಿತು.

ಉಪಾಯ ಹೊಳೆದದ್ದು ನನಗೇ. ಅಡಿಕೆ ಕೊಯ್ಯುವವನು ಮರದ ತುದಿಯಲ್ಲಿದ್ದಾಗ ಅವನು ಹೇಳಿದ್ದು ಅಂಗಳಕ್ಕೆ ಮುಟ್ಟುವುದಿಲ್ಲ. ನಡುವೆ ಒಬ್ಬರು ನಿಂತು ಕೂಗಿ ದಾಟಿಸಬೇಕು. ಆ ಕೆಲಸ ಎಷ್ಟು ವರ್ಷ ಮಾಡಿದ್ದೇನೋ. ನೀನು ಮೈಕು ಮುಚ್ಚಿ ಆಡು, ನಾನು ನಿನ್ನ ಮೊಬೈಲು ಹಿಡಿದು ಅಡುಗೆ ಮನೆಯ ಒಳಗೆ ನಿಲ್ಲುತ್ತೇನೆ, ನೀನು ಕೂಗಿದ್ದನ್ನು ನಾನು ಅವರಿಗೆ ದಾಟಿಸುತ್ತೇನೆ ಎಂದೆ. "ಅತ್ತೆ, ನಿಮ್ಗೆ ಮರ್ಲಾ" ಎಂದಳು. ಬೇರೆ ದಾರಿ ಇದ್ದರೆ ಹೇಳು ಎಂದೆ. ಇರಲಿಲ್ಲ.

ಭಾನುವಾರ ಊಟ ಮಾಡಿ ಯುದ್ಧಕ್ಕೆ ಇಳಿದೆವು. ನಡುವಿನ ಬಾಗಿಲು ಕೈ ಹೋಗುವಷ್ಟು ತೆರೆದಿತ್ತು. ಮೊಬೈಲಿನಲ್ಲಿ ಇಡೀ ತಂಡ ನನ್ನ ಕಿವಿಯೊಳಗೆ. ಮೊದಲಿಗೆ ಬಾಯಲ್ಲಿ ಕವಳವಿದ್ದದ್ದರಿಂದ ಯಾರಿಗೂ ಏನೂ ತಿಳಿಯಲಿಲ್ಲ, ಒಬ್ಬ ಸತ್ತ. ಕವಳ ಉಗುಳಿ ಬಂದೆ. ಸುಧಾ ಅತ್ತ ಕಡೆಯಿಂದ ಕೂಗಿದಳು, ಗೋಡೌನಿನ ಹಿಂದೆ ಇಬ್ಬರು. ನಾನು ಇತ್ತ ಹೇಳಿದೆ, ಗೋಡೌನಿನ ಹಿಂದೆ ಇಬ್ಬರು ಇದ್ದಾರಂತೆ, ಕಳ್ಳರ ಹಾಗೆ ಕೂತಿದ್ದಾರಂತೆ. ಕಳ್ಳರ ಮಾತು ಅವಳು ಹೇಳಿರಲಿಲ್ಲ, ಆದರೆ ಗೋಡೌನಿನ ಹಿಂದೆ ಕೂರುವವರು ಮತ್ಯಾರು. ಸ್ವಲ್ಪ ಹೊತ್ತಿಗೆ ನನಗೂ ಹದ ಸಿಕ್ಕಿತು. ಬಾಗಿಲ ಸಂದಿಯಿಂದ ಪರದೆ ನೋಡಿದರೆ ಮಾಸ್ತರು ಒಂದೇ ಕಡೆ ಅಡಗಿ ಕೂತು ಏಳುತ್ತಲೇ ಇರಲಿಲ್ಲ. ಸುಧಾ ಪಾಪ ಮರ್ಯಾದೆಗೆ ಸುಮ್ಮನಿದ್ದಳು. ನನಗೇನು ಮರ್ಯಾದೆ. "ಮಾಸ್ತರೇ, ಅಲ್ಲೇ ಬೇರು ಬಿಟ್ರಾ? ಸಂಬಳ ಎಣ್ಸೂಕೆ ಕೂತದ್ದಲ್ಲ, ಏಳಿ" ಎಂದೆ. ಎದ್ದರು. ಎದ್ದು ಇಬ್ಬರನ್ನು ಹೊಡೆದೇ ಹೊಡೆದರು. ಹುಬ್ಬಳ್ಳಿಯವರು ಸೋತರು. ನಾನು ಗೋಡೆಗೆ ಒರಗಿ ಕೂತೆ. ಮಂಜು ಒಳಗೆ ಬಂದು ಅನ್ನ ಎಲ್ಲಿ ಎಂದು ಕೇಳಿದ. ಯುದ್ಧ ನಡೆದ ಮನೆಯಲ್ಲಿ ಕೇಳುವ ಮಾತಾ ಅದು.

ವಿನಯ ಎರಡು ವಿಷಯ ಹೇಳಿದ. ಒಂದು, ಸುಧಾ ತಂಡದಲ್ಲೇ ಇರುತ್ತಾಳೆ. ಅದನ್ನು ಕೇಳಿ ಅವಳು ಸಾರಿಗೆ ಹಾಕಿದ ಉಪ್ಪು ಇಮ್ಮಡಿಯಾಯಿತು, ತಿಂದೆ. ಇನ್ನೊಂದು, ಮುಂದಿನ ಭಾನುವಾರದೊಳಗೆ ಕೀಬೋರ್ಡಿಗೆ ಮೆತ್ತನೆ ಸ್ಪ್ರಿಂಗು ಹಾಕಿಸಿಕೊಳ್ಳಲಿ, ಈ ವಯಸ್ಸಿನಲ್ಲಿ ಅಜ್ಜಿಗೆ ಸುಮ್ಮನೆ ತ್ರಾಸು ಎಂದು. ತ್ರಾಸು ಎಂದು ನಾನು ಹೇಳಿದ್ದೆನಾ? ನನ್ನನ್ನು ಯಾರಾದರೂ ಕೇಳಿದರಾ? ಮಾಸ್ತರನ್ನು ಎಬ್ಬಿಸಿದ್ದು ಯಾರು ಎಂಬುದನ್ನು ಅಷ್ಟು ಬೇಗ ಮರೆತಿದ್ದರು.

ಮರುದಿನ ಬೆಳಿಗ್ಗೆ ಸುಧಾ ಕೀಬೋರ್ಡನ್ನು ಚೀಲದಲ್ಲಿ ಹಾಕಿ, ಬಿಪಿ ಮಾತ್ರೆ ತರಲು ಹೇಗೂ ಪೇಟೆಗೆ ಹೋಗುತ್ತೀರಲ್ಲ, ಇದನ್ನೂ ಅಂಗಡಿಗೆ ಕೊಟ್ಟು ಬನ್ನಿ ಎಂದು ನನ್ನ ಕೈಗಿಟ್ಟಳು. ಹೋದೆ. ಅಂಗಡಿಯವನು ಚೀಲ ಕಂಡದ್ದೇ ನಕ್ಕು, "ನಾ ಹೇಳಿದ್ನಲ್ಲ ಅಮ್ಮಾ, ಸದ್ದು ಜಾಸ್ತಿ ಆಯ್ತಾ?" ಎಂದ. ಯಾವ ಸದ್ದು ಎಂದು ನಾನು ಕೇಳಿದೆ. ಚೀಲದ ಬಾಯಿ ಬಿಚ್ಚಲಿಲ್ಲ. ಅದನ್ನು ಕಾಲ ಹತ್ತಿರ ಇಟ್ಟುಕೊಂಡು ಸ್ಟೂಲು ಎಳೆದು ಕೂತೆ. ಕಿವಿಗೆ ಹಾಕಿಕೊಂಡು ಕೂಗುವುದಕ್ಕೆ ಬರುವಂಥ ಒಂದು ಹೆಡ್‌ಫೋನು ತೋರಿಸು, ಮೈಕು ಗಟ್ಟಿ ಇರಬೇಕು, ನನ್ನ ಕಿವಿಯ ಬುಗುಡಿಗೆ ಒತ್ತಬಾರದು ಎಂದೆ.