ನನ್ನ ಹೆಸರಿನ ಕೀಲಿ

ನಮ್ಮ ಮನೆಯಲ್ಲಿ ನನಗೆ ಹೆಸರಿಲ್ಲ. ಹೊರಗೆ ಇದೆ. ಬೈಲಹೊಂಗಲದ ಪೇಟೆಯಲ್ಲಿ ಯಾರನ್ನಾದರೂ ನಿಲ್ಲಿಸಿ ನಿಜಗುಣಪ್ಪನ ಮನೆ ಎಲ್ಲಿ ಎಂದು ಕೇಳಿ, ಕೈ ಮಾಡಿ ತೋರಿಸುತ್ತಾರೆ. (ತೋರಿಸುವಾಗ "ಅದ ಅಲ್ಲೇನ್ರಿ, ರೊಟ್ಟಿ ರಾಚವ್ವನ ಮನಿ" ಎನ್ನುತ್ತಾರೆ. ಆ ಮಾತು ಬೇರೆ.) ಆದರೆ ಹೊಸ್ತಿಲು ದಾಟಿ ಒಳಗೆ ಬಂದೆನೆಂದರೆ ನಾನು ಬರೀ "ರ್ರೀ". ತುರ್ತು ಇದ್ದರೆ "ಏನ್ರೀ". ಸಿಟ್ಟು ಬಂದಾಗ ಅದೂ ಇಲ್ಲ. ನನ್ನ ಹೆಂಡತಿ ಗೋಡೆಯ ಕಡೆ ತಿರುಗಿ, "ಕೆಲವರಿಗೆ ಎಷ್ಟ್ ಹೇಳಿದ್ರೂ ಅಷ್ಟ" ಎನ್ನುತ್ತಾಳೆ. ಆ ಕೆಲವರು ನಾನು.

ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನನ್ನ ಅವ್ವ ರಾಚವ್ವನಿಗೆ ಮದುವೆಯ ದಿನವೇ ಹೇಳಿಕೊಟ್ಟಿದ್ದಳು. ರಾಚವ್ವ ಅತ್ತೆಯ ಬೇರೆ ಯಾವ ಮಾತನ್ನೂ ಕೇಳಲಿಲ್ಲ, ಇದೊಂದನ್ನು ಕೇಳಿದಳು. ಬಸುರಿಯರ ಕುಬಸದಲ್ಲೋ ಮದುವೆಯಲ್ಲೋ ಹೆಂಗಸರು ಬಾಗಿಲಿಗೆ ಅಡ್ಡ ನಿಂತು "ಗಂಡನ ಹೆಸರು ಹೇಳಿ ಒಳಗ ಬಾ" ಎಂದು ಸತಾಯಿಸಿದರೆ, ಪ್ರಾಸ ಕಟ್ಟಿ ಒಡಪಿನಲ್ಲಿ ಹೇಳಿದರೆ ದೋಷವಿಲ್ಲ. ಅಲ್ಲಿಯೂ ನನ್ನ ಹೆಂಡತಿ "ಗಂಟಲಾ ಕಟ್ಟೇತ್ರೆವ್ವಾ" ಎಂದು ನುಣುಚಿಕೊಳ್ಳುತ್ತಾಳೆ. ಮುಚ್ಚಿಡುವುದೇಕೆ, ನನಗೆ ನನ್ನ ಹೆಸರೆಂದರೆ ಪ್ರೀತಿ. ಅವಳ ಬಾಯಲ್ಲಿ ಅದನ್ನು ಒಂದು ಸಲ ಕೇಳಬೇಕೆಂಬ ಆಸೆ ಮದುವೆಯಾದಾಗಿನಿಂದ ಇದೆ. ಈ ಎಲ್ಲ ಅನಾಹುತ ಅದರಿಂದಲೇ ಆದದ್ದು.

ಕೆಲಸಕ್ಕಿದ್ದ ಹತ್ತಿಯ ಜಿನ್ನಿಂಗ್ ಮಿಲ್ಲು ಮುಚ್ಚಿ ನಾನು ಮನೆಗೆ ಬಂದ ವರ್ಷ ರಾಚವ್ವ ಹಿತ್ತಲಲ್ಲಿ ಒಂದು ಹಂಚು ಇಟ್ಟು ಕಡಕ್ ರೊಟ್ಟಿ ಶುರು ಮಾಡಿದಳು. ಈಗ ಅಲ್ಲಿ ಸಾಲು ಒಲೆ, ಓಣಿಯ ಹೆಂಗಸರು, ಅವರೆಲ್ಲರ ಮೇಲೆ ಬಾಯವ್ವ. ಬಾಯವ್ವ ನನ್ನ ಅವ್ವನ ವಾರಿಗೆಯವಳು, ನಾನು ತೊಟ್ಟಿಲಲ್ಲಿದ್ದಾಗಿನಿಂದ ನನ್ನನ್ನು ಬಲ್ಲವಳು. ಹೀಗಾಗಿ ನನ್ನ ಮೇಲೆ ಅವಳಿಗೆ ಗೌರವ ಇಲ್ಲ. ಹುಬ್ಬಳ್ಳಿ, ಪುಣೆ, ಬೆಂಗಳೂರುಗಳಿಂದ ರೊಟ್ಟಿಗೆ, ಶೇಂಗಾ ಚಟ್ನಿಗೆ ಆರ್ಡರು ಬರುವುದೆಲ್ಲ ಪಡಸಾಲೆಯ ಕಂಪ್ಯೂಟರಿನಲ್ಲಿರುವ ಒಂದು ಆನ್‌ಲೈನ್ ಖಾತೆಗೆ. ಗಿರಾಕಿಗಳ ವಿಳಾಸ, ಯಾರಿಗೆ ಯಾವಾಗ ಎಷ್ಟು, ಎಲ್ಲ ಅದರಲ್ಲೇ. ಆ ಖಾತೆ ಕೈತಪ್ಪಿದರೆ ಹಿತ್ತಲಿನ ಒಲೆಗಳೆಲ್ಲ ಆರಿದಂತೆ. ಈ ಉದ್ಯಮದಲ್ಲಿ ನಾನು ಭದ್ರತಾ ವಿಭಾಗದ ಮುಖ್ಯಸ್ಥ. (ವಿಭಾಗದಲ್ಲಿ ಬೇರೆ ಯಾರೂ ಇಲ್ಲ.)

ಮೊನ್ನೆ ವ್ಯಾಪಾರಸ್ಥರ ಸಂಘದವರು ಸಣ್ಣ ಉದ್ಯಮಗಳ ಸೈಬರ್ ಆತ್ಮರಕ್ಷಣೆ ಎಂಬ ಉಪನ್ಯಾಸ ಇಟ್ಟುಕೊಂಡಿದ್ದರು. ಉಪ್ಪಿಟ್ಟು ಶಿರಾ ಇತ್ತು, ಹೋದೆ. ಬೆಳಗಾವಿಯಿಂದ ಬಂದ ಸಂದೀಪ ಎಂಬ ತರುಣ ಮಾತಾಡಿದ. ಕಳ್ಳ ಈಗ ಗೋಡೆ ಹಾರಿ ಬರುವುದಿಲ್ಲ, ನಿಮ್ಮ ಖಾತೆಯೊಳಗೆ ಹೊಕ್ಕು, ನೀವೇ ಬರೆದ ಹಾಗೆ ನಿಮ್ಮ ಗಿರಾಕಿಗಳಿಗೆ ಬರೆಯುತ್ತಾನೆ: ನಮ್ಮ ಬ್ಯಾಂಕ್ ಬದಲಾಗಿದೆ, ದುಡ್ಡು ಇನ್ನು ಮೇಲೆ ಈ ಕಡೆ ಕಳಿಸಿ. ದುಡ್ಡು ಅವನಿಗೆ, ಕೆಟ್ಟ ಹೆಸರು ನಿಮಗೆ. ಆದ್ದರಿಂದ ಎರಡನೇ ಕೀಲಿ ಹಾಕಿಸಿ, ಯಾರೇ ಪಾಸ್‌ವರ್ಡ್ ಹೊಡೆದರೂ ನಿಮ್ಮ ಫೋನಿಗೊಂದು ನಂಬರು ಬರಲಿ, ಆ ನಂಬರಿಲ್ಲದೆ ಖಾತೆ ತೆರೆಯದಿರಲಿ. ಪಾಸ್‌ವರ್ಡಿಗೆ ಸ್ವಂತ ಹೆಸರು ಇಡಬೇಡಿ. ಅದು ಸತ್ತರೂ ಬಾಯಿಂದ ಹೊರಗೆ ಬರಬಾರದು.

ಕೊನೆಯ ಮಾತಿಗೆ ನನ್ನ ಕೈಯಲ್ಲಿದ್ದ ಶಿರಾ ಅಲ್ಲೇ ನಿಂತಿತು. ಸತ್ತರೂ ಬಾಯಿಂದ ಹೊರಗೆ ಬರದ ಶಬ್ದ ಒಂದು ನಮ್ಮ ಮನೆಯಲ್ಲಿ ಇದೆಯಲ್ಲ! ಸ್ವಂತ ಹೆಸರು ಇಡಬಾರದೆಂಬ ನಿಯಮ ಹೆಂಡತಿಯರು ಗಂಡನನ್ನು ಹೆಸರು ಹಿಡಿದು ಕೂಗುವ ಊರುಗಳಿಗೆ ಇರಬೇಕು ಎಂದು ತೀರ್ಮಾನಿಸಿದೆ. ಎರಡನೇ ಕೀಲಿಯ ಗೊಡವೆಗೆ ನಾನು ಹೋಗಲಿಲ್ಲ.

"ಏ, ಖಾತೆಗೆ ಹೊಸಾ ಪಾಸ್‌ವರ್ಡ್ ಇಟ್ಟೇನಿ," ಎಂದೆ ಮನೆಗೆ ಬಂದು.

"ಏನಿಟ್ರಿ?"

"ನನ್ನ ಹೆಸರು."

ರಾಚವ್ವ ಹಿಟ್ಟು ಹತ್ತಿದ ಕೈಯನ್ನು ಹಾಗೇ ಹಿಡಿದುಕೊಂಡು ನನ್ನನ್ನು ನೋಡಿದಳು. "ಅದೇನ್ ಗುಟ್ಟಿನ ಹೆಸರೇನ್ರೀ? ಗ್ವಾಡಿ ಮ್ಯಾಲ ಬರಸೀರಿ. ಕರೆಂಟ್ ಬಿಲ್ಲಿನ್ಯಾಗ ಐತಿ. ಓಣ್ಯಾನ ಹುಡುಗ್ರಿಗೂ ಗೊತ್ತೈತಿ."

"ಊರಿನ ಮಾತು ಬ್ಯಾಡ. ಕಳ್ಳ ಫೋನ್ ಹಚ್ಚಿ ಕೇಳೋದು ಉದ್ಯೋಗ ನಡಸೋರನ್ನ. ಅಂದ್ರ ನಿನ್ನ. ನೀ ಹೇಳ್ತೀಯೇನು?"

"ಶಿವನ! ನಾ ಯಾಕ ಹೇಳ್ಲಿ?"

"ಅಷ್ಟ ನೋಡು. ಮುಗೀತು."

"ಮತ್ತ ನಾ ಖಾತೆ ಹ್ಯಾಂಗ ತೆಗೀಲಿ?"

"ತೆಗ್ಯಾಕ ನಾ ಇಲ್ಲೇನು?"

ಅಂದಿನಿಂದ ನನ್ನ ದಿನಗಳು ಬದಲಾದವು. ಬೆಳಿಗ್ಗೆ ಸ್ನಾನ, ವಿಭೂತಿ ಮುಗಿಸಿ ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆ. ಚಹಾ ಕೇಳದೆ ಬರುತ್ತಿತ್ತು, ಏಕೆಂದರೆ ನಾನು ಬೆರಳು ಆಡಿಸದೆ ಒಂದು ರೊಟ್ಟಿಯೂ ಊರು ದಾಟುವಂತಿರಲಿಲ್ಲ. ನಾನು ಒಂದೊಂದೇ ಅಕ್ಷರ ಹೊಡೆಯುವಾಗ ರಾಚವ್ವ ಮುಖ ಆಚೆ ತಿರುಗಿಸುತ್ತಿದ್ದಳು.

ವಾರದೊಳಗೇ ಪರೀಕ್ಷೆ ಬಂತು. ರಾಚವ್ವನ ಫೋನಿಗೆ ಕರೆ. ಬ್ಯಾಂಕಿನ ದೊಡ್ಡ ಆಫೀಸಿನವನಂತೆ. ಅವಳು ಕೈ ಹಿಟ್ಟಾಗಿದೆಯೆಂದು ಸ್ಪೀಕರಿಗೆ ಹಾಕಿದಳು.

"ಮೇಡಂ, ನಿಮ್ಮ ಆರ್ಡರ್ ಖಾತೆ ಇವತ್ತೇ ಬಂದ್ ಆಗುತ್ತೆ. ಪಾಸ್‌ವರ್ಡ್ ಹೇಳಿ, ಸರಿ ಮಾಡ್ತೀವಿ."

"ಅದನ್ನ ಹೇಳಾಕ ಬರಂಗಿಲ್ಲ್ರೀ."

"ಮರೆತುಹೋಗಿದೆಯಾ?"

"ಮರಿಯೋದ್ ಹ್ಯಾಂಗ? ದಿನಾ ಎದುರಿಗೇ ಕುಂತಿರತೈತಿ."

"ಮೊದಲನೇ ಅಕ್ಷರ ಆದ್ರೂ ಹೇಳಿ ಮೇಡಂ."

"ಒಂದಕ್ಷರ ಅಂದ್ರೂ ಅಷ್ಟ, ಎಲ್ಲಾ ಅಂದ್ರೂ ಅಷ್ಟ. ಮಂದಿ ಮನಿ ಹೆಣಮಕ್ಕಳಿಗೆ ಹಿಂಗ ಕೇಳಬಾರದ್ರಿ. ನಿಮ್ಮವ್ವ ಏನೂ ಕಲಿಸಿಲ್ಲೇನು?"

ಕಳ್ಳ "ಸಾರಿ" ಎಂದು ಫೋನಿಟ್ಟ. ನಾನು ಎದ್ದು ನಿಂತೆ. ಬಾಯವ್ವ ಕೂಡ ಒಂದು ಕ್ಷಣ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಇಂಥ ವಿಜಯವನ್ನು ಮನೆಯೊಳಗೇ ಇಟ್ಟುಕೊಳ್ಳುವುದು ಸ್ವಾರ್ಥವಾಗುತ್ತದೆಂದು ವ್ಯಾಪಾರಸ್ಥರ ವಾಟ್ಸಾಪ್ ಗುಂಪಿಗೆ ಒಂದು ಧ್ವನಿಸಂದೇಶ ಕಳಿಸಿದೆ. ಸ್ವಲ್ಪ ಉದ್ದವಾಯಿತು. ಕಿತ್ತೂರು, ರಾಮದುರ್ಗದ ಗುಂಪುಗಳಿಗೂ ಕಳಿಸಿದೆ. ಅದರ ಸಾರಾಂಶ ಇಷ್ಟೇ: ನನ್ನ ಕೀಲಿ ನನ್ನ ಹೆಂಡತಿಯ ತುಟಿಯಲ್ಲಿದೆ, ಅದು ಜನ್ಮದಲ್ಲಿ ತೆರೆಯುವುದಿಲ್ಲ.

ಅದಾದ ಮೇಲೆ ಒಂದು ದಿನ ರಾಮದುರ್ಗದ ಬಸಯ್ಯನವರ ಮನೆಯ ಮದುವೆಗೆ ದೊಡ್ಡ ಆರ್ಡರು ಬಂದದ್ದರಿಂದ ಬಿಳಿಜೋಳ ತರಲು ಮನೋಳಿಗೆ ಹೋಗಿದ್ದೆ. ಚೀಲಗಳನ್ನು ಟೆಂಪೋಕ್ಕೆ ಹೇರುತ್ತಿದ್ದರು. ನಾನು ಬೇವಿನ ನೆರಳಲ್ಲಿ ಮೇಲ್ವಿಚಾರಣೆ ಮಾಡುತ್ತ ಕುಳಿತಿದ್ದೆ. ಫೋನು ಬಂತು.

"ನಿಜಗುಣಪ್ಪ ಸರ್ ಮಾತಾಡ್ತಿದ್ದಾರಾ?"

ಹೆಣ್ಣುದನಿ. ನನ್ನ ಹೆಸರು, ಪೂರ್ತಿ, ಒಂದಕ್ಷರವನ್ನೂ ನುಂಗದೆ. ನಾನು ನೆಟ್ಟಗೆ ಕುಳಿತೆ.

ಯಾವುದೋ ಸೈಬರ್ ಜಾಗೃತಿ ಮಂಡಳಿಯಂತೆ. ನನ್ನ ಧ್ವನಿಸಂದೇಶ ಅವರವರೆಗೂ ಹೋಗಿ, ಈ ವರ್ಷದ 'ಸೈಬರ್ ವೀರ' ಪುರಸ್ಕಾರಕ್ಕೆ ನನ್ನ ಹೆಸರೇ ಬಂದಿದೆಯಂತೆ. "ನಿಮ್ಮ ಉಪಾಯದ ಬಗ್ಗೆ ಸ್ವಲ್ಪ ವಿವರವಾಗಿ ಹೇಳ್ತೀರಾ ನಿಜಗುಣಪ್ಪ ಸರ್?" ಎಂದಳು. ಹೇಳಿದೆ. ಹೆಂಡತಿ ಯಾವ ಶಬ್ದವನ್ನು ಹೇಳುವುದಿಲ್ಲ, ಏಕೆ ಹೇಳುವುದಿಲ್ಲ, ನನ್ನ ಅವ್ವ ಏನೆಂದಿದ್ದಳು, ಎಲ್ಲ ಹೇಳಿದೆ. ಆಕೆ ನಡುನಡುವೆ "ಅದ್ಭುತ ನಿಜಗುಣಪ್ಪ ಸರ್" ಎನ್ನುತ್ತಿದ್ದಳು.

"ಪ್ರಮಾಣಪತ್ರದಲ್ಲಿ ಹೆಸರು ಇಂಗ್ಲಿಷಿನಲ್ಲಿ ಬರುತ್ತೆ ಸರ್. ನೀವು ದಿನಾ ಟೈಪ್ ಮಾಡೋ ಹಾಗೇ ಹೇಳಿಬಿಡಿ, ತಪ್ಪಾಗಬಾರದು."

ಬಿಡಿಬಿಡಿಯಾಗಿ ಹೇಳಿದೆ. ಕೊನೆಯಲ್ಲಿ ಎರಡು ಪಿ ಎಂದು ಒತ್ತಿ ಹೇಳಿದೆ. ಒಂದೇ ಪಿ ಹಾಕುವವರನ್ನು ಕಂಡರೆ ನನಗಾಗದು. ಅಕ್ಷರ ದೊಡ್ಡವೋ ಸಣ್ಣವೋ ಎಂದು ಕೇಳಿದಳು. ಎಲ್ಲ ದೊಡ್ಡವೇ ಎಂದೆ. ಎಷ್ಟು ಕಾಳಜಿಯ ಹುಡುಗಿ ಎನಿಸಿತು. ಮಾತು ಮುಗಿಯುವ ಹೊತ್ತಿಗೆ ಫೋನಿನ ಬ್ಯಾಟರಿಯೂ ಮುಗಿದು, ನಾನು ಜೋಳದ ಚೀಲಗಳ ಪಕ್ಕದಲ್ಲಿ ಕುಳಿತು ಪುರಸ್ಕಾರ ಸ್ವೀಕರಿಸುವ ಭಾಷಣ ಹೊಂದಿಸುತ್ತ ಊರಿಗೆ ಬಂದೆ.

ಮನೆಗೆ ಬಂದರೆ ರೊಟ್ಟಿಯ ಸದ್ದಿಲ್ಲ. ಹೆಂಗಸರೆಲ್ಲ ಪಡಸಾಲೆಯಲ್ಲಿ ಕುಳಿತಿದ್ದಾರೆ. ರಾಚವ್ವ ಕಂಪ್ಯೂಟರಿನ ಮುಂದೆ, ನನ್ನ ಕುರ್ಚಿಯಲ್ಲಿ.

"ಬಂದ್ಯಾ ತಮ್ಮಾ?" ಎಂದಳು ಬಾಯವ್ವ. "ಯಾವನೋ ನಿನ್ನ ಹೆಸರು ಹೊಡದು ನಮ್ಮ ಖಾತೆ ತೆಗ್ಯಾಕ ಬಂದಿದ್ದ."

ಕಂಪ್ಯೂಟರಿನ ಕಡೆ ಧಾವಿಸಿದೆ. "ತೆಗದನೇನು?"

ತೆಗೆದಿರಲಿಲ್ಲ. ಉಪನ್ಯಾಸದ ದಿನವೇ ಸಂದೀಪ ಊರಿಗೆ ಹೋಗುವ ಮುಂಚೆ ರೊಟ್ಟಿ ಕೊಳ್ಳಲು ನಮ್ಮ ಮನೆಗೆ ಬಂದಿದ್ದನಂತೆ. ನಾನು ಶಿರಾ ತಿಂದು, ಖಾತೆ ತೆರೆದಿಟ್ಟೇ ಮಲಗಿದ್ದೆ. ರಾಚವ್ವ ಅವನಿಗೆ ಮಜ್ಜಿಗೆ ಕೊಟ್ಟು, ಎರಡನೇ ಕೀಲಿ ತನ್ನ ಫೋನಿಗೆ ಹಾಕಿಸಿಕೊಂಡು, ನಮ್ಮ ಕಂಪ್ಯೂಟರು ಗುರುತಿನದು, ಇದಕ್ಕೆ ನಂಬರು ಕೇಳಬೇಡ ಎಂದು ಖಾತೆಗೂ ಹೇಳಿಸಿದ್ದಳು. ಇಂದು ಕಳ್ಳ ಪಾಸ್‌ವರ್ಡ್ ಹೊಡೆದ ಕೂಡಲೇ ನಂಬರು ಅವಳ ಫೋನಿಗೆ ಬಂತು. ಕೂಡಲೇ ಪಾಸ್‌ವರ್ಡ್ ಬದಲಿಸಿ ಎಂಬ ಎಚ್ಚರಿಕೆಯೂ ಬಂತು. ಬದಲಿಸಬೇಕಾದರೆ ಮೊದಲು ಹಳೆಯದನ್ನು ಹೊಡೆಯಬೇಕು. ನನಗೆ ಫೋನು ಮಾಡಿದರೆ ಬಂದ್.

"ಗಂಡನ ಹೆಸರು ಬಾಯಿಲೆ ಹೇಳಬಾರದು, ಬೆರಳಿಲೆ ಹೊಡೀಬಹುದೋ ಹ್ಯಾಂಗ ಅಂತ ನನ್ನ ಕೇಳಿದಳು," ಎಂದಳು ಬಾಯವ್ವ. "ಒಡಪು ಹಾಕು, ಆಮ್ಯಾಲ ಹೊಡಿ, ದೋಷಿಲ್ಲ ಅಂದೆ. ಹಾಕಿದಳು, ಕರೆಂಟ್ ಬಿಲ್ಲಿನ್ಯಾಗ ಇದ್ಹಂಗ ಹೊಡದಳು ನೋಡು."

ಖಾತೆ ಉಳಿಯಿತೋ ಎಂದು ನಾನು ಮತ್ತೆ ಕೇಳಬೇಕಿತ್ತು. "ನನ್ನ ಹೆಸರು ಹೇಳಿದಳೇನು?" ಎಂದು ಕೇಳಿದೆ.

ಬಾಯವ್ವ ಸೆರಗು ಸರಿಪಡಿಸಿಕೊಂಡು ಒಪ್ಪಿಸಿದಳು:

"ಬೆಂಕಿ ಮ್ಯಾಲ ಹಂಚು, ಹಂಚಿನ ಮ್ಯಾಲ ರೊಟ್ಟಿ ನೂರು,
ಮನಿಗೆ ಕಳ್ಳ ಬಂದಾಗ ಇವರು ಪರ ಊರು,
ಫೋನ್ ಹಚ್ಚಿ ಹಚ್ಚಿ ಸಾಕಾತು, ಎತ್ತವಲ್ರು ಯಾರೂ,
ನಿಜಗುಣಪ್ಪನವರು ನಮ್ಮ ಮನಿ ಯಜಮಾನರು."

ಹೆಂಗಸರು ನಕ್ಕರು. ಅಷ್ಟು ವರ್ಷ ಕಾದ ಮಾತು ಬಂದ ದಿನ ನಾನು ಮನೋಳಿಯಲ್ಲಿ ಬೇವಿನ ನೆರಳಲ್ಲಿದ್ದೆ. ನಿಜಕ್ಕೂ ಹೊಟ್ಟೆ ಉರಿಯಿತು.

"ಇನ್ನೊಮ್ಮೆ ಹೇಳಾ," ಎಂದೆ ರಾಚವ್ವನಿಗೆ.

"ಯಾರಿಗೆ ಹೇಳಿದ್ರಿ ಪಾಸ್‌ವರ್ಡ್?" ಎಂದಳು ರಾಚವ್ವ.

"ನಾನು? ಒಂದು ನರಪಿಳ್ಳೆಗೂ ಹೇಳಿಲ್ಲ," ಎಂದು ಫೋನನ್ನು ಚಾರ್ಜಿಗೆ ಹಾಕಿದೆ. ಅದಕ್ಕೆ ಜೀವ ಬಂದು ಸ್ವಲ್ಪ ಹೊತ್ತಿಗೇ ಹೊಡೆದುಕೊಂಡಿತು. ರಾಚವ್ವ ಹತ್ತಿರವಿದ್ದಳು, ಸ್ಪೀಕರಿಗೆ ಹಾಕಿದಳು.

"ನಿಜಗುಣಪ್ಪ ಸರ್! ಪ್ರಮಾಣಪತ್ರ ರೆಡಿ ಇದೆ. ನಿಮ್ಮ ಮನೆಯವರ ಫೋನಿಗೆ ಒಂದು ನಂಬರ್ ಬಂದಿರುತ್ತೆ. ನೀವು ಹೆಸರು ಬಿಡಿಸಿ ಹೇಳಿದಿರಲ್ಲ, ಹಾಗೇ ಅದನ್ನೂ ಹೇಳಿಬಿಡಿ ಸರ್. ಎರಡು ಪಿ ಹಾಕಿದ್ದೀವಿ."

ಹೆಂಗಸರೆಲ್ಲ ನನ್ನ ಕಡೆ ತಿರುಗಿದರು.

"ಪ್ರಮಾಣಪತ್ರ ಮನಿಗೇ ತಂದ ಕೊಡ್ರೆವ್ವಾ," ಎಂದಳು ರಾಚವ್ವ. "ಬಿಸಿ ರೊಟ್ಟಿ ಉಂಡು ಹೋಗೀರಂತ. ಪೊಲೀಸರಿಗೂ ಬರ್ರಿ ಅಂತೇನಿ." ಆ ಕಡೆ ಫೋನು ಕಟ್ಟಾಯಿತು. ಅವಳು ಕರೆ ಬಂದ ನಂಬರನ್ನು ಅಲ್ಲೇ ಪೊಲೀಸರಿಗೆ ತಿಳಿಸಿ, ನಂತರ ಗೋಡೆಯ ಕಡೆ ತಿರುಗದೆ ನೇರವಾಗಿ ನನಗೇ ಹೇಳಿದಳು: "ಊರಿಗೆಲ್ಲಾ ಗೊತ್ತಿದ್ದ ಹೆಸರಿಟ್ಟು, ನನಗೊಬ್ಬಾಕಿಗೆ ಕೀಲಿ ಹಾಕಿದ್ರಿ. ನನ್ನ ಉದ್ಯೋಗದಿಂದ ನನ್ನ ಹೊರಗ ನಿಲ್ಲಿಸಿದ್ರಿ."

ನಾನು ಚಾರ್ಜರಿನ ವೈರು ಸರಿಪಡಿಸತೊಡಗಿದೆ. ಇದ್ದ ಉತ್ತರ ಬಾಯಿಗೆ ಬರುವಂಥದ್ದಲ್ಲ.

ಮರುದಿನ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಕಂಪ್ಯೂಟರಿನ ಮುಂದೆ ಕೂತೆ. ಚಹಾ ಬರಲಿಲ್ಲ. ಬಸಯ್ಯನವರ ಆರ್ಡರಿನ ಬಿಲ್ಲು ಮಾಡುವುದು ನನ್ನ ಕೆಲಸ. ಹೊಸ ಪಾಸ್‌ವರ್ಡ್ ಏನು ಎಂದು ಕೇಳಿದೆ.

"ನಿಮ್ಮ ಉಪಾಯಾನ ಚಲೋ ಇತ್ತು, ಅದನ್ನ ಇಟ್ಟೇನಿ," ಎಂದಳು ರಾಚವ್ವ. "ಲಗ್ನ ಆದಾಗಿಂದ ನಿಮ್ಮ ಬಾಯಾಗಿಂದ ಒಮ್ಮಿನೂ ಬರಲಾರದ ಮಾತು."

ಅವಳ ಹೆಸರು ಹೊಡೆದೆ. ಆಗಲಿಲ್ಲ. ಅವಳ ತವರೂರು ಸಂಗೊಳ್ಳಿಯ ಹೆಸರು ಹೊಡೆದೆ. ಆಗಲಿಲ್ಲ. ಅವಳ ಅಣ್ಣನನ್ನು ನಾನು ಎಂದೂ ಹೊಗಳಿಲ್ಲವಲ್ಲ ಎಂದು ಅವನ ಹೆಸರನ್ನೂ ಹೊಡೆದು ನೋಡಿದೆ. ಕೊನೆಗೆ ಬಾಯವ್ವನಿಗೆ ನನ್ನ ಮೇಲೆ ಕರುಣೆ ಬಂದು ಹಿತ್ತಲಿನಿಂದ ಕೂಗಿ ಹೇಳಿದಳು:

"'ನಂದ ತಪ್ಪಾತು' ಅಂತ ಹೊಡಿಯೋ ತಮ್ಮಾ!"

ಈಗ ದಿನಾ ಬೆಳಿಗ್ಗೆ ಅದನ್ನು ಹೊಡೆಯುತ್ತೇನೆ. ಮೊದಲ ದಿನ ಬರೀ 'ತಪ್ಪಾತು' ಎಂದು ಹೊಡೆದು ನೋಡಿದೆ, ಖಾತೆ ತೆರೆಯಲಿಲ್ಲ. ಮುಂದೆ 'ನಂದ' ಇರಲೇಬೇಕು. ನಾನು ಹೊಡೆಯುವಾಗ ರಾಚವ್ವ ಈಗ ಮುಖ ಆಚೆ ತಿರುಗಿಸುವುದಿಲ್ಲ, ಚಹಾದ ಕಪ್ಪು ಹಿಡಿದು ಪಕ್ಕದಲ್ಲೇ ನಿಂತು ಕೊನೆಯ ಅಕ್ಷರದವರೆಗೂ ನೋಡುತ್ತಾಳೆ.