ನೊರೆ ನಿಷೇಧದ ಬಗ್ಗೆ ಮುಖ ನೋಡುವ ಯಂತ್ರಕ್ಕೆ

ನನ್ನ ಕ್ಷೌರದಂಗಡಿಯ ಗೋಡೆಯ ಮೇಲೆ ರೆಪ್ಪೆ ಬಡಿಯದೆ ವಿರಾಜಮಾನರಾಗಿರುವ, ಸಂತೃಪ್ತಿ ಇಲಾಖೆಯ ಕಣ್ಮಣಿಗಳಾದ ಮಾನ್ಯ ಯಂತ್ರ ಮಹಾಶಯರೇ,

ತಮ್ಮ ಮೇಲೆ ಧೂಳು ಕೂರದಿರಲಿ. ತಾವು ಬಂದ ಮೇಲೆ ಆದ ಖರ್ಚನ್ನು ಮೊದಲು ಒಪ್ಪಿಸಿಬಿಡುತ್ತೇನೆ: ತಮ್ಮ ದೃಷ್ಟಿಗೆ ಅಡ್ಡವೆಂದು ಕಿತ್ತ ದೊಡ್ಡ ಕನ್ನಡಿ ಒಂದು, ಬೆಂಚಿನ ಮೇಲಿನ ಹರಟೆ ಪೂರ್ತಿ, ಸದಾ ನಕ್ಕು ನಕ್ಕು ಎಡಕ್ಕೆ ವಾಲಿದ ನನ್ನ ದವಡೆ. ಕನ್ನಡಿಯ ಬಗ್ಗೆ ದೂರಿಲ್ಲ. ಕ್ರಾಪು ಹೇಗಾಯಿತೆಂದು ಗಿರಾಕಿ ಈಗ ನನ್ನನ್ನೇ ಕೇಳಬೇಕು, ನಾನು ಬಹಳ ಚೆನ್ನಾಗಿದೆ ಎನ್ನಬೇಕು, ಅವರು ನಂಬಬೇಕು. ತಮ್ಮ ಇಲಾಖೆ ಊರು ನಡೆಸುವ ಕ್ರಮವನ್ನು ನಾನು ಅರಿತದ್ದೇ ಹೀಗೆ.

ವಿಷಯಕ್ಕೆ ಬರುತ್ತೇನೆ. ಬಾಡಿದ ಮುಖ ಮೂರು ಸಲ ತಮ್ಮ ಕಣ್ಣಿಗೆ ಬಿದ್ದರೆ ನೌಕರಿ ಹೋಗುತ್ತದಷ್ಟೆ? ಬಸ್ ಕಂಡಕ್ಟರಾದ ನನ್ನ ಭಾವಮೈದುನನಿಗೆ ಎರಡು ಸಲ ಆಗಿತ್ತು, ಒಂದು ಹಲ್ಲುನೋವಿನದು, ಇನ್ನೊಂದು ಚಿಲ್ಲರೆ ಜಗಳದ್ದು. ಅಷ್ಟರಲ್ಲಿ ಅವನ ತಾಯಿ, ಅಂದರೆ ನನ್ನ ಅತ್ತೆ, ತೀರಿಕೊಂಡರು. ಮನೆಯ ಗೋಡೆಯಲ್ಲಿ ತಮ್ಮ ಸೋದರರು, ಬಸ್ಸಿನಲ್ಲಿ ತಮ್ಮ ಬೀಗರು. ಪಾಪ, ಹೆಣದ ಮುಂದೆಯೂ ಹಲ್ಲು ಕಿರಿದುಕೊಂಡೇ ನಿಂತಿದ್ದ. ಮರುದಿನ ನನ್ನ ಕುರ್ಚಿಯಲ್ಲಿ ಕುಸಿದು, "ಭಾವ, ಗಡ್ಡ ಆಮೇಲೆ ನೋಡೋಣ, ಮೊದ್ಲು ನೊರೆ ಹಚ್ಚಿ, ಕಣ್ಣಿನ ತನಕ ಹಚ್ಚಿ" ಎಂದ. ಹಚ್ಚಿದೆ. ಅದರೊಳಗೆ ಅವನು ಅತ್ತ. ತಾವು 'ಮುಖ ಕಾಣಲಿಲ್ಲ' ಎಂದು ದಾಖಲಿಸಿ ಸುಮ್ಮನಾದಿರಿ. ತಮ್ಮ ಔದಾರ್ಯ ದೊಡ್ಡದು.

ಸುದ್ದಿಗೆ ಕಾಲು ಬಂತು. ಶಾಲೆಯ ಪುಸ್ತಕದಿಂದ 'ದುಃಖ' ಎಂಬ ಪದ ತೆಗೆದ ಮೇಲೆ, ಅದು ಬಂದಾಗ ಏನೆನ್ನಬೇಕೆಂದು ತಿಳಿಯದೆ ಮೇಷ್ಟರು ಬಂದರು. ದರ್ಜಿಯ ಹೆಂಡತಿ ತಮ್ಮ ಕಡೆಗೇ ತಿರುಗಿ, "ಏನ್ ನೋಡ್ತೀರಾ? ನಂಗೂ ಗಡ್ಡ ಬಂದಿದೆ ಅಂತ ಬರ್ಕೊಳ್ಳಿ" ಎಂದು ಕುರ್ಚಿ ಹಿಡಿದಳು. ನನ್ನ ಕತ್ತಿಗೆ ಕೆಲಸವಿಲ್ಲ, ಬ್ರಶ್ಶಿಗೆ ಬಿಡುವಿಲ್ಲ.

ಈಗ ಆದೇಶ ಸಿದ್ಧವಾಗಿದೆಯಂತೆ: ನೊರೆ ಗದ್ದದಿಂದ ಮೇಲೇರಕೂಡದು, ಏರಿದರೆ ಗಾಜಿನಂತೆ ಪಾರದರ್ಶಕವಾಗಿರಬೇಕು, ಈ ಊರಲ್ಲಿ ಯಾರೂ ಎಂದೂ ಅತ್ತಿಲ್ಲವೆಂದು ಇಲಾಖೆಯ ಇತಿಹಾಸವೇ ಹೇಳುವಾಗ ಮರೆಮಾಚಲು ಏನಿದೆ ಎಂದು ಕೇಳಲಾಗಿದೆ. ನಾನು ಹುಟ್ಟುತ್ತಲೇ ಅತ್ತೆನೆಂದು ನನ್ನಮ್ಮ ಹೇಳುತ್ತಿದ್ದಳು; ಅದು ಸುಳ್ಳೆಂದು ತಿಳಿದು ಬೇಸರವಾಗಿದೆ, ಕ್ಷಮಿಸಿ, ಸಂತೋಷವಾಗಿದೆ.

ಭಾವಮೈದುನನ ಅಳು ಇನ್ನೂ ಮುಗಿದಿಲ್ಲ. ನೊರೆ ಇಳಿದ ದಿನ ಅವನನ್ನು ಬಸ್ಸಿನಿಂದಲೂ ಇಳಿಸುತ್ತಾರೆ. ಆದ್ದರಿಂದ ಪಾರದರ್ಶಕ ನೊರೆಯನ್ನು ಇಲಾಖೆಯೇ ಕಡೆದು ಕಳುಹಿಸಬೇಕೆಂದೂ, ಈರುಳ್ಳಿ ಹೆಚ್ಚುವವರಿಗೆ ಕಣ್ಣೀರಿನ ಪರವಾನಗಿ ನೀಡಬೇಕೆಂದೂ, ಎರಡೂ ಆಗದಿದ್ದರೆ ತಾವೇ ಗೋಡೆಯಿಂದಿಳಿದು ನನ್ನ ಕುರ್ಚಿಯಲ್ಲಿ ಕೂರಬೇಕೆಂದೂ ಪ್ರಾರ್ಥಿಸುತ್ತೇನೆ. ತಮ್ಮ ಗಾಜಿಗೂ ದಪ್ಪಗೆ ಹಚ್ಚುತ್ತೇನೆ. ಇಷ್ಟೊಂದು ನಗು ನೋಡಿ ತಮಗೂ ಸಾಕಾಗಿರಬೇಕು.

ಒಟ್ಟಿನಲ್ಲಿ, ಇಲಾಖೆಗೆ ನಗುವ ಊರು ಸಿಕ್ಕಿತು. ಸಾಬೂನು ಮಾರುವವನು ಮಹಡಿ ಕಟ್ಟಿಸಿದ. ಭಾವಮೈದುನನಿಗೆ ತಾಯಿಯನ್ನು ನೆನೆದು ಅಳಲು ಒಂದು ಕುರ್ಚಿ ಸಿಕ್ಕಿತು. ಅತ್ತೆ ನನಗೂ ಬೇಕಾದವರೇ. ನನಗೆ ನೊರೆ ಹಚ್ಚುವವರು ಮಾತ್ರ ಯಾರೂ ಸಿಗಲಿಲ್ಲ.

ಬಾಯಿ ಅಗಲಿಸಿಕೊಂಡೇ ಇರುವ,
ತಮ್ಮ ವಿಶ್ವಾಸಿ,
ಮೂಲೆಯಂಗಡಿಯ ಕ್ಷೌರಿಕ

ತಾ.ಕ.: ಆದೇಶಕ್ಕೆ ಸಹಿ ಹಾಕಬೇಕಾದ ಅಧಿಕಾರಿಗಳು ಪರಿಶೀಲನೆಗೆಂದು ಬಂದು ಕುಳಿತಿದ್ದಾರೆ. ನುಣ್ಣಗೆ ಗಡ್ಡ ತೆಗೆಸಿಕೊಂಡೇ ಬಂದವರು. "ಇನ್ನೊಂದ್ ಕೋಟ್ ಹಚ್ಚಪ್ಪ" ಎನ್ನುತ್ತಿದ್ದಾರೆ. ಸಹಿ ಇವತ್ತು ಆಗುವಂತೆ ಕಾಣುವುದಿಲ್ಲ.